ಮುಚ್ಚಿಸುವ ಆದೇಶದಲ್ಲೇ ಪರಿಹಾರದ ಮೊತ್ತವೂ ಇರಲಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ ನಮಸ್ಕಾರಗಳು.

ನಾನು ಗಾಂಧಿನಗರದ ಆಸುಪಾಸಿನಲ್ಲಿ ಸಣ್ಣದೊಂದು ದರ್ಶಿನಿ ನಡೆಸುವವನು. ಲಾಕ್‌ಡೌನ್ ಬೇಕಿತ್ತೇ, ಬೇಡವಾಗಿತ್ತೇ ಎಂಬ ಹಳೆಯ ವಾದವನ್ನು ಕೆದಕುವ ಉದ್ದೇಶ ನನಗಿಲ್ಲ. 2021ರ ಏಪ್ರಿಲ್ ಕೊನೆಯಲ್ಲಿ ಭಾವನಿಗಾಗಿ ಆಕ್ಸಿಜನ್ ಬೆಡ್ ಹುಡುಕುತ್ತ ಎರಡು ರಾತ್ರಿ ಊರೆಲ್ಲ ಅಲೆದಿದ್ದೇನೆ. ಚಿತಾಗಾರಗಳ ಮುಂದೆ ಆಂಬುಲೆನ್ಸ್‌ಗಳು ಸಾಲುಗಟ್ಟಿ ನಿಂತಿದ್ದನ್ನು ಕಂಡ ಮೇಲೆ, ಆ ವಾರಗಳಲ್ಲಿ ಹೋಟೆಲು ತೆರೆಯಲು ಬಿಡಬೇಕಿತ್ತು ಎನ್ನಲು ನನಗೆ ಬಾಯಿ ಬಾರದು. ಆದರೆ ಊರಿನವರೆಲ್ಲರ ಪ್ರಾಣಕ್ಕಾಗಿ ಬಾಗಿಲು ಹಾಕಿಸಿದಾಗ ಅದರ ಖರ್ಚು ಕೆಲವರ ತಲೆಯ ಮೇಲಷ್ಟೇ ಬಿದ್ದದ್ದು ಏಕೆ ಎಂಬ ಪ್ರಶ್ನೆಯನ್ನು ಕೇಳಲೇಬೇಕಾಗಿದೆ.

ಪಾರ್ಸೆಲ್‌ಗೆ ಅನುಮತಿ ಇದ್ದುದರಿಂದ ಸರ್ಕಾರದ ಲೆಕ್ಕದಲ್ಲಿ ನಮ್ಮ ಹೋಟೆಲು ತೆರೆದೇ ಇತ್ತು. ನಿಂತು ತಿಂದು ಹೋಗುವ ಗಿರಾಕಿಯನ್ನೇ ನಂಬಿದ ದರ್ಶಿನಿಗೆ, ಕಚೇರಿಗಳು ಮುಚ್ಚಿ ಬಸ್ಸುಗಳು ನಿಂತ ಮೇಲೆ ಪಾರ್ಸೆಲ್ ಒಯ್ಯಲು ಯಾರು ಬರಬೇಕು? ಬಾಡಿಗೆಯಂತೂ ತಿಂಗಳು ತಿಂಗಳು ಏರುತ್ತಲೇ ಹೋಯಿತು. ಊರಿಗೆ ಹೋದ ದೋಸೆ ಭಟ್ಟರು ಮರಳಲೇ ಇಲ್ಲ.

ಸರ್ಕಾರ ಏನೂ ಕೊಡಲಿಲ್ಲವೆಂದರೆ ಸುಳ್ಳಾಗುತ್ತದೆ. 2020ರ ಮೇ 6ರಂದು ಪ್ರಕಟವಾದ 1,610 ಕೋಟಿ ರೂಪಾಯಿಯ ಪ್ಯಾಕೇಜಿನಲ್ಲಿ ಕ್ಷೌರಿಕರು, ಅಗಸರು, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ ಘೋಷಣೆಯಾಯಿತು. ಆದರೆ ದೇಶ ಮುಚ್ಚಿದ್ದು ಮಾರ್ಚ್ 25ರಂದು. ನಡುವಿನ ಆರು ವಾರ ಒಲೆ ಹೇಗೆ ಹೊತ್ತಿಸುವುದೆಂದು ಯಾರೂ ಹೇಳಲಿಲ್ಲ. ದುಡಿದು ತಿನ್ನುವವನಿಗೆ ಮುಚ್ಚಿಸುವ ಆದೇಶ ರಾತ್ರೋರಾತ್ರಿ ತಲುಪಿತು, ಪರಿಹಾರ ಅರ್ಜಿಯ ಹಾದಿ ಹಿಡಿದು ಬಂತು.

ಸಂವಿಧಾನದ 19(1)(ಜಿ) ವಿಧಿ ಕಸುಬಿನ ಹಕ್ಕನ್ನು ಕೊಡುತ್ತದೆ. 19(6) ಸಾರ್ವಜನಿಕ ಹಿತಕ್ಕಾಗಿ ಅದರ ಮೇಲೆ ಸಮಂಜಸ ನಿರ್ಬಂಧ ಹೇರಲು ಅವಕಾಶ ನೀಡುತ್ತದೆ. ಸಮಂಜಸ ಎಂಬ ಮಾತಿಗೆ ತೂಕ ಬರಬೇಕಾದರೆ ನಿರ್ಬಂಧದ ಕಾರಣ, ಅವಧಿ, ಅದರಿಂದಾಗುವ ನಷ್ಟ ಮೂರನ್ನೂ ಬರೆದಿಡಬೇಕಲ್ಲವೇ? 2022ರ ಜನವರಿಯಲ್ಲಿ ವಾರಾಂತ್ಯದ ಕರ್ಫ್ಯೂ ಬಂದಾಗ ಶನಿವಾರ, ಭಾನುವಾರ ಮಾತ್ರ ಬಾಗಿಲು ಹಾಕುವುದರಿಂದ ಎಷ್ಟು ಸೋಂಕು ತಗ್ಗುತ್ತದೆಂದು ನಮಗೆ ಯಾರೂ ವಿವರಿಸಲಿಲ್ಲ. 21ರಂದು ಅದನ್ನು ಹಿಂಪಡೆಯಲಾಯಿತು. ಅಚ್ಚರಿಯೆಂದರೆ, ಮುಂಬಯಿಯ ಪ್ಲೇಗಿನ ಕಾಲದಲ್ಲಿ ಬ್ರಿಟಿಷರು ಮಾಡಿದ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯ 2ನೇ ಕಲಮಿನಲ್ಲೇ ಪರಿಹಾರ ಎಂಬ ಪದ ಇತ್ತು, ಅದೂ ಆವರಣದೊಳಗೆ, ‘ಇದ್ದಲ್ಲಿ’ ಎಂಬ ಬಾಲದೊಂದಿಗೆ.

ಆದ್ದರಿಂದ 2020ರ ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆಗೆ ಒಂದು ತಿದ್ದುಪಡಿ ತರಬೇಕೆಂದು ಕೋರುತ್ತೇನೆ. ಯಾವುದೇ ಕಸುಬನ್ನು ಏಳು ದಿನಕ್ಕಿಂತ ಹೆಚ್ಚು ಕಾಲ ನಿಲ್ಲಿಸುವ ಆದೇಶದಲ್ಲಿ ಅದಕ್ಕೆ ಆಧಾರವಾದ ಅಂಕಿಅಂಶ, ಮರುಪರಿಶೀಲನೆಯ ದಿನಾಂಕ ಮತ್ತು ದಿನಕ್ಕಿಷ್ಟೆಂಬ ಪರಿಹಾರದ ಮೊತ್ತ ಒಟ್ಟಿಗೇ ಇರಲಿ. ಟ್ರೇಡ್ ಲೈಸೆನ್ಸ್, ಜಿಎಸ್‌ಟಿ, ಇಎಸ್‌ಐ ದಾಖಲೆಗಳಿರುವವರಿಗೆ ಹಣ ತಲುಪಿಸುವುದು ಕಷ್ಟವಲ್ಲ. ಯಾವ ಕಾಗದವೂ ಇಲ್ಲದ ಗಾರೆ ಕೆಲಸದವರಿಗೆ, ಮನೆಗೆಲಸದವರಿಗೆ ಹೇಗೆ ತಲುಪಿಸುವುದೆಂಬುದು ಕಷ್ಟದ ಪ್ರಶ್ನೆಯೇ, ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಅವರ ಪಟ್ಟಿಯನ್ನು ವಾರ್ಡುವಾರು ಈಗಲೇ, ಕಾಯಿಲೆ ಇಲ್ಲದ ಕಾಲದಲ್ಲೇ ಸಿದ್ಧಪಡಿಸಬಹುದು.

ಇದರಿಂದ ಖಜಾನೆಗೆ ಹೊರೆಯಾಗುವುದು ನಿಜ. ಆ ಹೊರೆ ಕಣ್ಣೆದುರಿಗಿದ್ದರೆ ಯಾವ ಬಾಗಿಲನ್ನು ಎಷ್ಟು ದಿನ ಮುಚ್ಚಬೇಕೆಂದು ಅಧಿಕಾರಿಗಳು ಎರಡು ಬಾರಿ ಯೋಚಿಸುತ್ತಾರೆ. ಕೈಗೆ ಹಣ ಬರುವುದು ಖಾತ್ರಿಯಾದರೆ ಅರ್ಧ ಷಟರ್ ಎತ್ತಿ ಕದ್ದು ವ್ಯಾಪಾರ ಮಾಡುವವರೂ ಕಡಿಮೆಯಾಗುತ್ತಾರೆ. ಆ ಎರಡು ವರ್ಷಗಳ ನನ್ನ ಲೆಕ್ಕದ ಪುಸ್ತಕಗಳನ್ನು ಇಟ್ಟುಕೊಂಡಿದ್ದೇನೆ; ತಿದ್ದುಪಡಿಯ ಕರಡು ಸಿದ್ಧಪಡಿಸುವವರಿಗೆ ಬೇಕಿದ್ದರೆ ತಂದೊಪ್ಪಿಸುತ್ತೇನೆ.

ತಮ್ಮ ವಿಶ್ವಾಸಿ,
ಗಾಂಧಿನಗರದ ಒಬ್ಬ ಹೋಟೆಲಿನವನು
ಬೆಂಗಳೂರು