ಕಿವಿ ಪರೀಕ್ಷೆ: ಗುಂಪಿನವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಕಿವಿನೋವಿಗೆ ಬೆಳ್ಳುಳ್ಳಿ ಎಣ್ಣೆ ಬಿಸಿ ಮಾಡಿ ಹಾಕಿ ಎಂಬ ಸಂದೇಶ ಗುಂಪಿನಲ್ಲಿ ಮತ್ತೆ ಓಡಾಡುತ್ತಿದೆ. ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಕಿವಿತಮಟೆ ತೂತಾಗಿದ್ದರೆ ಎಣ್ಣೆ ಒಳಗಿಳಿದು ತೊಂದರೆ ಹೆಚ್ಚುತ್ತದೆ. ಇಯರ್‌ಬಡ್, ಹೇರ್‌ಪಿನ್ ಕೂಡ ಬೇಡ, ಗುಗ್ಗೆ ಇನ್ನೂ ಒಳಕ್ಕೆ ಹೋಗಿ ಕೂರುತ್ತದೆ.

ಮನೆಯಲ್ಲಿ ಹಸುಗೂಸು ಇರುವವರು ಇದನ್ನು ತಪ್ಪದೆ ಓದಿ. ಹುಟ್ಟಿದ 1 ತಿಂಗಳೊಳಗೆ ಓಎಇ (ಒಳಕಿವಿ ಸದ್ದಿಗೆ ಸ್ಪಂದಿಸುತ್ತದೆಯೇ ಎಂದು ನೋಡುವ) ತಪಾಸಣೆ ಆಗಬೇಕು. ಮಗು ಮಲಗಿರುವಾಗಲೇ ಕಿವಿಗೆ ಪುಟ್ಟ ಪ್ರೋಬ್ ಇಟ್ಟು ಕೆಲವೇ ನಿಮಿಷದಲ್ಲಿ ಮುಗಿಸುತ್ತಾರೆ, ನೋವಿಲ್ಲ. ಅದರಲ್ಲಿ ಅನುಮಾನ ಬಂದರೆ ಬೆರಾ (ಸದ್ದು ಕಿವಿಯ ನರದ ಮೂಲಕ ಮೆದುಳಿಗೆ ತಲುಪುತ್ತಿದೆಯೇ ಎಂದು ನೋಡುವ) ಪರೀಕ್ಷೆ ಮಾಡಿಸಿ 3 ತಿಂಗಳೊಳಗೆ ಖಚಿತಪಡಿಸಿಕೊಳ್ಳಬೇಕು. ಶ್ರವಣ ಸಾಧನ, ತರಬೇತಿ 6 ತಿಂಗಳೊಳಗೆ ಶುರುವಾದರೆ ಮಾತು ಕಲಿಯಲು ಅನುಕೂಲ. "ಅವರಪ್ಪನೂ ತಡವಾಗಿಯೇ ಮಾತಾಡಿದ್ದು" ಎಂದು ಅಜ್ಜಿಯರು ಪ್ರೀತಿಯಿಂದಲೇ ಹೇಳುತ್ತಾರೆ, ಆದರೂ ಮಾಡಿಸಿ. ತಟ್ಟೆ ಬಡಿದಾಗ ತಿರುಗಿ ನೋಡಿತು ಅನ್ನುವುದು ಪರೀಕ್ಷೆಯಲ್ಲ.

ಹಿರಿಯರು ಟಿವಿ ಸದ್ದು ಏರಿಸುತ್ತಲೇ ಹೋದರೆ ಒಮ್ಮೆ ಆಡಿಯೋಗ್ರಾಂ (ಕಿವಿ ಎಷ್ಟು ಕೇಳಿಸುತ್ತದೆ ಎಂದು ಅಳೆಯುವ ಪರೀಕ್ಷೆ) ಮಾಡಿಸಿ. ಒಂದು ಕಿವಿ ದಿಢೀರನೆ ಕೇಳಿಸದಾದರೆ ಮಾತ್ರ ಕಾಯಬೇಡಿ, ಅದೇ ದಿನ ಇಎನ್‌ಟಿ (ಕಿವಿ, ಮೂಗು, ಗಂಟಲು) ವೈದ್ಯರ ಬಳಿ ಹೋಗಿ. ಚಿಕಿತ್ಸೆ ತಡವಾದಷ್ಟೂ ಕೇಳುವ ಶಕ್ತಿ ಮರಳುವುದು ಕಷ್ಟ.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕೇಂದ್ರ ಸರ್ಕಾರದ್ದು. ಮಕ್ಕಳಿಗೂ ದೊಡ್ಡವರಿಗೂ ಪರೀಕ್ಷೆಯಿದೆ. ದೂರದವರು ಜಿಲ್ಲಾ ಆಸ್ಪತ್ರೆಯ ಇಎನ್‌ಟಿ ವಿಭಾಗದಲ್ಲಿ ಮೊದಲು ವಿಚಾರಿಸಿ. ಹಳೆಯ ವರದಿಗಳಿದ್ದರೆ ಜೊತೆಗೆ ಒಯ್ಯಿರಿ. ಅವುಗಳ ಫೋಟೋ ಗುಂಪಿಗೆ ಹಾಕಬೇಡಿ.