ಬಿಸಿಲಲ್ಲಿ ಎಲೆಯ ಚಿತ್ರ: ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ, ನಮಸ್ಕಾರ.

ಈ ಶನಿವಾರ ಏಳನೇ ತರಗತಿಯ ಮಕ್ಕಳು ಶಾಲೆಯ ಅಂಗಳದಲ್ಲಿ ಕ್ಯಾಮೆರಾ ಇಲ್ಲದೆ ಫೋಟೊ ತೆಗೆಯುತ್ತಾರೆ. ಎರಡು ಮೂರು ಎಲೆ ಕಳಿಸಿಕೊಡಿ, ಸಾಕು. ನುಗ್ಗೆ, ಹುಣಸೆ, ಜರಿಗಿಡ, ಯಾವುದಾದರೂ ಸರಿ. ಹಿಂದಿನ ದಿನವೇ ದಪ್ಪ ಪುಸ್ತಕದೊಳಗೆ ಇಟ್ಟು ಒತ್ತಿದ್ದರೆ ಗೆರೆಗಳು ಚೆನ್ನಾಗಿ ಮೂಡುತ್ತವೆ.

ಪೋಷಕರ ಸಭೆಯಲ್ಲಿ ನಾನು ಜಾಸ್ತಿ ಕೇಳುವ ಮಾತೊಂದಿದೆ. 'ಇವಳು ಸುಮ್ನೆ ಚಿತ್ರ ಬರೀತಾ ಕೂರ್ತಾಳೆ ಮೇಡಂ, ವಿಜ್ಞಾನ ಓದಲ್ಲ.' ಆಗೆಲ್ಲ ನನಗೆ ಆನಾ ಅಟ್ಕಿನ್ಸ್ ನೆನಪಾಗುತ್ತಾರೆ.

ಅವರು 1799ರಲ್ಲಿ ಇಂಗ್ಲೆಂಡಿನ ಕೆಂಟ್‌ನಲ್ಲಿ ಹುಟ್ಟಿದವರು. ಹಸುಗೂಸಾಗಿದ್ದಾಗಲೇ ತಾಯಿ ತೀರಿಹೋದರು. ತಂದೆ ಜಾನ್ ಜಾರ್ಜ್ ಚಿಲ್ಡ್ರನ್ ವಿಜ್ಞಾನಿ. ಹೆಣ್ಣುಮಕ್ಕಳಿಗೆ ವಿಜ್ಞಾನ ಯಾಕೆ ಅನ್ನುತ್ತಿದ್ದ ಕಾಲದಲ್ಲಿ ಮಗಳಿಗೆ ಅದನ್ನು ಕಲಿಸಿದರು. ಅವರು ಅನುವಾದಿಸಿದ ಚಿಪ್ಪುಗಳ ಪುಸ್ತಕಕ್ಕೆ 200ಕ್ಕೂ ಹೆಚ್ಚು ಚಿತ್ರ ಬರೆದದ್ದು ಈ ಮಗಳೇ.

ಆಮೇಲೆ ಅವರ ಮನಸ್ಸು ಕಡಲ ಪಾಚಿಯ ಮೇಲೆ ಹೋಯಿತು. ಕೂದಲೆಳೆಯಂಥ ಪಾಚಿಯನ್ನು ತಪ್ಪಿಲ್ಲದೆ ಬರೆಯುವುದು ಅಂಥ ಪಳಗಿದ ಕೈಗೂ ಕಷ್ಟವಾಯಿತು. 1842ರಲ್ಲಿ ವಿಜ್ಞಾನಿ ಜಾನ್ ಹರ್ಷಲ್ ಸಯನೋಟೈಪ್, ಅಂದರೆ ಬಿಸಿಲಿನಿಂದ ಕಾಗದದ ಮೇಲೆ ನೀಲಿ ಚಿತ್ರ ಮೂಡಿಸುವ ವಿಧಾನ, ಕಂಡುಹಿಡಿದರು. ಮರುವರ್ಷವೇ ಅಟ್ಕಿನ್ಸ್ ಆ ವಿಧಾನದಲ್ಲಿ ಬ್ರಿಟನ್ನಿನ ಪಾಚಿಗಳ ಪುಸ್ತಕ ಶುರುಮಾಡಿದರು. ಫೋಟೊಗಳಿರುವ ಮೊದಲ ಪುಸ್ತಕ ಅಂತ ಇತಿಹಾಸಕಾರರು ಗುರುತಿಸುವುದು ಇದನ್ನೇ. ಪ್ರತಿಯೊಂದು ಹಾಳೆಯನ್ನೂ ಬಿಸಿಲಿಗಿಟ್ಟು, ತೊಳೆದು, ಒಣಗಿಸಬೇಕಿತ್ತು. ಹತ್ತು ವರ್ಷ ಹಿಡಿಯಿತು! ಅಕ್ಷರಗಳೂ ಅವರ ಕೈಬರಹವೇ. ಕಡುನೀಲಿಯಲ್ಲಿ ಬೆಳ್ಳಗೆ ತೇಲುವ ಆ ಪಾಚಿಗಳನ್ನು ನೋಡುವಾಗ ಇದು ಚಿತ್ರವೋ ವಿಜ್ಞಾನವೋ ಅಂತ ನನಗೆ ಬೇರೆ ಮಾಡಲು ಆಗುವುದೇ ಇಲ್ಲ.

ಶನಿವಾರ ನಮ್ಮ ಮಕ್ಕಳು ಮಾಡುವುದೂ ಇದೇ ಸಯನೋಟೈಪ್. ಮಾಡುವುದು ಸುಲಭ. ಕಬ್ಬಿಣದ ಅಂಶವಿರುವ ಎರಡು ರಾಸಾಯನಿಕ ಬೆರೆಸಿ ಕಾಗದಕ್ಕೆ ಹಚ್ಚಿ ಕತ್ತಲಲ್ಲಿ ಒಣಗಿಸುತ್ತೇವೆ. ಮೇಲೆ ಎಲೆಯಿಟ್ಟು ಬಿಸಿಲಿಗೆ ಹಿಡಿದರೆ ಬೆಳಕು ಬಿದ್ದ ಕಡೆ ನೀಲಿಯಾಗುತ್ತದೆ. ಎಲೆ ಮುಚ್ಚಿದ್ದ ಜಾಗದ ರಾಸಾಯನಿಕ ನೀರಲ್ಲಿ ತೊಳೆದುಹೋಗಿ ಕಾಗದ ಬಿಳಿಯಾಗಿ ಉಳಿಯುತ್ತದೆ. ಕಟ್ಟಡಗಳ ನಕ್ಷೆಯನ್ನೂ ಹಿಂದೆ ಹೀಗೇ ಪ್ರತಿ ಮಾಡುತ್ತಿದ್ದರು. ನೀಲನಕ್ಷೆ ಅನ್ನುವ ಹೆಸರು ಬಂದದ್ದು ಅದರಿಂದಲೇ.

ರಾಸಾಯನಿಕ ಹಚ್ಚುವ ಕೆಲಸ ಶಿಕ್ಷಕರದು. ಮಕ್ಕಳಿಗೆ ಕೈಗವಸು ಕೊಡುತ್ತೇವೆ. ಬಟ್ಟೆಗೆ ಕಲೆಯಾದರೆ ಹೋಗುವುದು ಕಷ್ಟ, ಹಳೆಯ ಬಟ್ಟೆ ಹಾಕಿ ಕಳಿಸಿ. ಮೋಡವಿದ್ದರೆ ಮುಂದಿನ ಶನಿವಾರ ಮಾಡೋಣ.

ಇನ್ನೊಂದು ಕೋರಿಕೆ. ಚಿತ್ರದ ಕೆಳಗೆ ಗಿಡದ ಹೆಸರು ಬರೆಯಬೇಕು. ಮನೆಯಲ್ಲಿ ಅಜ್ಜಿ ತಾತ ಇದ್ದರೆ, ಅವರ ಊರಲ್ಲಿ ಆ ಗಿಡವನ್ನು ಏನಂತ ಕರೆಯುತ್ತಿದ್ದರು ಅಂತ ಮಗು ಕೇಳಿಕೊಂಡು ಬರಲಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ