ಅದಿರಿನ ಲಾರಿಗೆ ತೂಕದ ಕಾಟಾ ಇದೆ, ಸರ್ವಿಸ್ ಗಾಡಿಗೆ ಯಾಕಿಲ್ಲ?

ಸಂಪಾದಕರಿಗೆ ನಮಸ್ಕಾರ.

ಹೋದ ತಿಂಗಳು ಹೊಸಪೇಟೆ ಬೈಪಾಸಿನಲ್ಲಿ ಒಂದು ಪಿಕಪ್ ನನ್ನ ಮುಂದೆ ಹೋಗುತ್ತಿತ್ತು. ಹಿಂದೆ ಎರಡು ಆಯಿಲ್ ಬ್ಯಾರಲ್, ಒಂದು ಕಂಪ್ರೆಸರ್, ಅಡ್ಡ ಮಲಗಿಸಿದ ಅಸಿಟಿಲಿನ್ ಸಿಲಿಂಡರ್. ಬ್ಯಾರಲ್‌ಗಳನ್ನು ನಾರಿನ ಹಗ್ಗದಲ್ಲಿ ಕಟ್ಟಿದ್ದರು. ಅವುಗಳ ಮೇಲೆ ಇಬ್ಬರು ಹುಡುಗರು ಕೂತಿದ್ದರು. ಹಂಪ್ ಬಂದಾಗಲೆಲ್ಲ ಗಾಡಿಯ ಮೂತಿ ಮೇಲೆ ಎದ್ದು ಕುಣಿಯುತ್ತಿತ್ತು. ಹಾರ್ನ್ ಹಾಕಿ ಪಕ್ಕಕ್ಕೆ ನಿಲ್ಲಿಸಿದೆ. ಓಡಿಸುತ್ತಿದ್ದವನಿಗೆ ಇಪ್ಪತ್ತೈದೂ ಆಗಿರಲಿಲ್ಲ. "ಕೂಡ್ಲಿಗಿ ಹತ್ರ ಹಿಟಾಚಿ ನಿಂತೈತಿ ಅಣ್ಣಾ, ಪೈಪ್ ಒಡೆದೈತಿ, ಜಲ್ದಿ ಹೋಗ್ಬೇಕು" ಅಂದ. ಹಿಟಾಚಿ ಎಂದರೆ ನಮ್ಮ ಕಡೆ ಮಣ್ಣು ಅಗೆಯುವ ಯಂತ್ರ. ಬೈಯಲು ಬಾಯಿ ಬರಲಿಲ್ಲ. ಒಂದು ಕಾಲಕ್ಕೆ ನಾನೂ ಹಾಗೇ ಓಡಿಸುತ್ತಿದ್ದೆ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ಸಂಡೂರು ಕಡೆಯ ಗಣಿಯೊಂದರ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ಆಗಿದ್ದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಕೆಲಸ ಹೋಯಿತು. ಯಂತ್ರಗಳು ರಸ್ತೆ ಕೆಲಸಕ್ಕೆ, ಕಲ್ಲು ಒಡೆಯುವ ಕ್ರಷರ್‌ಗಳಿಗೆ, ಕಾಲುವೆ ಕೆಲಸಕ್ಕೆ ಚದುರಿದವು. ನಾನೂ ಅವುಗಳ ಹಿಂದೆ ಹೋದೆ. ಇಪ್ಪತ್ತು ಟನ್ನಿನ ಹಿಟಾಚಿ ಗ್ಯಾರೇಜಿಗೆ ನಡೆದು ಬರುವುದಿಲ್ಲ ಅಲ್ವಾ? ಅದನ್ನು ತರಬೇಕೆಂದರೆ ಟ್ರೇಲರ್ ಬೇಕು. ಹಾಗಾಗಿ ಗ್ಯಾರೇಜೇ ಅದರ ಹತ್ತಿರ ಹೋಗಬೇಕು. ಕೆಟ್ಟು ನಿಂತ ಯಂತ್ರಕ್ಕೆ ಗಂಟೆ ಲೆಕ್ಕದ ಬಾಡಿಗೆ ನಿಂತುಹೋಗುತ್ತದೆ. ಮಾಲೀಕರು ಹತ್ತು ನಿಮಿಷಕ್ಕೊಂದು ಫೋನ್ ಮಾಡುತ್ತಾರೆ. ಆ ಅವಸರದಲ್ಲಿ ಸಿಕ್ಕಿದ್ದನ್ನೆಲ್ಲ ಸಿಕ್ಕ ಗಾಡಿಗೆ ತುಂಬಿಕೊಂಡು ಹೊರಡುವುದೇ ನಮ್ಮ ಕಡೆ ಸರ್ವಿಸ್ ಗಾಡಿ ಅನ್ನಿಸಿಕೊಂಡಿದೆ.

ನನ್ನ ಮೊದಲ ಗಾಡಿಯೂ ಒಂದು ಪಿಕಪ್. ಹಿಂದೆ ತಗಡಿನ ಪೆಟ್ಟಿಗೆ ಕಟ್ಟಿಸಿದೆ. ಸಾಮಾನು ಜಾಸ್ತಿ ಹಿಡಿಯಲಿ ಎಂದು ಎರಡು ಅಡಿ ಹಿಂದಕ್ಕೆ ಚಾಚಿಸಿದೆ. ಇಳಿಸಲು ಸುಲಭ ಎಂದು ಬ್ಯಾರಲ್‌ಗಳನ್ನು ಕೊನೆಗೆ ಇಟ್ಟೆ. ಸ್ಟೇರಿಂಗ್ ಹಗುರವಾಯಿತು. ನಾನು ಅದನ್ನೇ ಒಳ್ಳೆಯದು ಅಂದುಕೊಂಡೆ. 2015ರಲ್ಲಿ ಒಂದು ಕ್ರಷರ್‌ನ ಇಳಿಜಾರಿನಲ್ಲಿ ಹಿಂಬಾಗಿಲು ತೆಗೆದಾಗ ಹಗ್ಗ ಕಿತ್ತು ತುಂಬಿದ ಬ್ಯಾರಲ್ ಉರುಳಿತು. ಕೆಳಗೆ ನನ್ನ ಜೊತೆಗಿದ್ದ ಹುಡುಗ ನಿಂತಿದ್ದ. ಹತ್ತೊಂಬತ್ತು ವರ್ಷ. ಬಲಗಾಲು ಮೊಣಕಾಲಿನ ಕೆಳಗೆ ಎರಡು ಕಡೆ ಮುರಿಯಿತು. "ಉಸ್ತಾದ್, ಅವ್ವನಿಗೆ ಹೇಳಬ್ಯಾಡ್ರಿ" ಎಂದು ಒಂದೇ ಸಮ ಅಳುತ್ತಿದ್ದ. ಆ ಮಾತು ಈಗಲೂ ಕಿವಿಯಲ್ಲಿದೆ. ಹಗ್ಗ ಕಟ್ಟಿದ್ದು ನಾನು. ತಪ್ಪು ನನ್ನದು.

ಆಸ್ಪತ್ರೆಯಿಂದ ಬಂದ ಮೇಲೆ ಪಿಕಪ್ಪನ್ನು ಮೊದಲ ಸಲ ಕಾಟಾ ಮೇಲೆ ನಿಲ್ಲಿಸಿದೆ. ಆರ್‌ಸಿ ಪ್ರಕಾರ ಸಾಮಾನು ಸೇರಿ ಒಟ್ಟು ತೂಕ 2,990 ಕೆಜಿ ಮೀರಬಾರದು. ಕಾಟಾ ತೋರಿಸಿದ್ದು 4,310. ಕಾಟಾದ ಹಿರಿಯರೊಬ್ಬರು, "ಮುಂದಿನ ಚಕ್ರ ಮಾತ್ರ ಹತ್ತಿಸಿ ನೋಡೋಣ" ಅಂದರು. ನೋಡಿದೆವು. ಖಾಲಿ ಇದ್ದಾಗ ಮುಂದಿನ ಚಕ್ರಗಳ ಮೇಲೆ ಇದ್ದಷ್ಟು ತೂಕವೂ ತುಂಬಿದಾಗ ಇರಲಿಲ್ಲ. ಹಿಂದಿನ ಚಕ್ರಗಳ ಅಚ್ಚಿಗಿಂತ ಆಚೆ ಇಟ್ಟ ತೂಕವೆಲ್ಲ ಮುಂಭಾಗವನ್ನು ಮೇಲಕ್ಕೆ ಎತ್ತುತ್ತಿತ್ತು, ಮಕ್ಕಳಾಡುವ ಸೀಸಾ ಹಲಗೆಯ ಹಾಗೆ. ಸ್ಟೇರಿಂಗ್ ಹಗುರವಾಗಿದ್ದಕ್ಕೆ ಕಾರಣ ಅದು. ಸಂಡೂರು ಘಾಟಿಯಲ್ಲಿ ಆ ಗಾಡಿ ಇಳಿಸಿದ್ದೆಲ್ಲ ನೆನೆದು ಕೈ ನಡುಗಿತು.

ನಮ್ಮ ಕಡೆ ಅದಿರಿನ ಲಾರಿಗೆ ಹೋಗುವಾಗೊಂದು, ಬರುವಾಗೊಂದು ಕಾಟಾ ಇದೆ. ಪರ್ಮಿಟ್ ಇದೆ. ಆದರೆ ಆ ಲಾರಿಗೆ ಅದಿರು ತುಂಬುವ ಯಂತ್ರವನ್ನು ರಿಪೇರಿ ಮಾಡಲು ಹೋಗುವ ಗಾಡಿಯ ತೂಕ ಯಾರೂ ಕೇಳುವುದಿಲ್ಲ. ಯಂತ್ರದ ವಿಮೆ ಕೇಳುತ್ತಾರೆ, ಆಪರೇಟರ್ ಲೈಸೆನ್ಸ್ ಕೇಳುತ್ತಾರೆ, ಹೆಲ್ಮೆಟ್ ಕೇಳುತ್ತಾರೆ. ಸರ್ವಿಸ್ ಗಾಡಿ ಗೇಟಿಗೆ ಬಂದರೆ ಬೇಗ ಬಿಡಿ ಅನ್ನುತ್ತಾರೆ, ಅಷ್ಟೇ.

ತೂಕದ ಲೆಕ್ಕ ಕಷ್ಟದ್ದೇನಲ್ಲ. 210 ಲೀಟರಿನ ಒಂದು ಆಯಿಲ್ ಬ್ಯಾರಲ್ ಡ್ರಮ್ ಸೇರಿ ಹೆಚ್ಚು ಕಡಿಮೆ 200 ಕೆಜಿ. ಎಂಜಿನ್ ಆಯಿಲ್ ಒಂದು, ಹೈಡ್ರಾಲಿಕ್ ಆಯಿಲ್ ಒಂದು ಎಂದರೆ 400. ಗ್ರೀಸ್ ಬ್ಯಾರಲ್ ಇನ್ನೊಂದು 200. ಯಂತ್ರಕ್ಕೆ ಒಂದು ಬ್ಯಾರಲ್ ಡೀಸೆಲ್, 185. ನನ್ನ ಕಂಪ್ರೆಸರ್ 240. ಡೀಸೆಲ್ ವೆಲ್ಡಿಂಗ್ ಜನರೇಟರ್ 350. ಎರಡು ಆಕ್ಸಿಜನ್, ಒಂದು ಗ್ಯಾಸ್ ಸಿಲಿಂಡರ್ ಸೇರಿ 165. ಪಾನಾ, ಜಾಕ್, ಪುಲ್ಲರ್ ಎಲ್ಲ ಕೂಡಿ 300. ಸಣ್ಣ ಕ್ರೇನ್ 200. ಹೋಸ್, ಫಿಲ್ಟರ್ 150. ಪೆಟ್ಟಿಗೆಯೇ 600. ಮೂರು ಜನ 200. ಕೂಡಿಸಿ ನೋಡಿ, ಮೂರು ಟನ್ನಿಗೆ ಹತ್ತು ಕೆಜಿ ಕಡಿಮೆ. ಇದನ್ನು ಪಿಕಪ್ ಹೊರುವುದಾದರೂ ಹೇಗೆ?

ಹಾಗಾಗಿ ಎರಡನೆಯ ಸಲ ಒಟ್ಟು ತೂಕ ಏಳೂವರೆ ಟನ್ ಒಳಗಿನ ಹಳೆ ಲಾರಿ ತಗೊಂಡೆ. ಚಾಸಿ, ಅಂದರೆ ಅಡಿಯ ಉಕ್ಕಿನ ಚೌಕಟ್ಟು, ಮತ್ತು ಕ್ಯಾಬಿನ್ ಸೇರಿ 2,700 ಕೆಜಿ. ಸಾಮಾನು ತುಂಬಿದ ಮೇಲೂ ಒಂದೂವರೆ ಟನ್‌ಗಿಂತ ಜಾಸ್ತಿ ಉಳಿಯುತ್ತದೆ. ಹಿಟಾಚಿಯನ್ನು ಮುಂದೆ ಹಿಂದೆ ನಡೆಸುವ ಟ್ರಾವೆಲ್ ಮೋಟಾರ್ ಕಳಚಿ ವಾಪಸ್ ತರಲು ಅಷ್ಟು ಬೇಕೇ ಬೇಕು. ಲೈಟ್ ಮೋಟಾರ್ ಲೈಸೆನ್ಸ್ ಇದ್ದವರು ಒಟ್ಟು ತೂಕ 7,500 ಕೆಜಿ ಮೀರದ ಸಾರಿಗೆ ಗಾಡಿ ಓಡಿಸಬಹುದು ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ. ನಮ್ಮಂಥವರಿಗೆ ಈ ಅಳತೆಯ ಗಾಡಿ ಸರಿಹೊಂದಲು ಅದೂ ಒಂದು ಕಾರಣ.

ಬಾಡಿ ಕಟ್ಟುವ ಶೆಡ್‌ನಲ್ಲಿ ನಾನು ಎಂಟು ದಿನ ಅಲ್ಲೇ ಕೂತಿದ್ದೆ. ಪೆಟ್ಟಿಗೆಯನ್ನು ನೇರ ಚಾಸಿಗೆ ವೆಲ್ಡ್ ಮಾಡುತ್ತೇವೆ ಅಂದರು. ಬೇಡ ಅಂದೆ. ಚಾಸಿಯ ಮೇಲಂಚು, ಕೆಳಂಚಿಗೆ ವೆಲ್ಡ್ ಹೊಡೆದರೆ, ತೂತು ಕೊರೆದರೆ ಅಲ್ಲಿಂದಲೇ ಬಿರುಕು ಶುರುವಾಗುತ್ತದೆ. ಎಷ್ಟೋ ಗಾಡಿಗಳಲ್ಲಿ ನೋಡಿದ್ದೇನೆ. ಮೊದಲು ಬಣ್ಣದ ಮೇಲೆ ಕೂದಲಿನಂಥ ತುಕ್ಕಿನ ಗೆರೆ ಕಾಣುತ್ತದೆ. ಆರು ತಿಂಗಳಿಗೆ ಅದರೊಳಗೆ ಬ್ಲೇಡ್ ತೂರುತ್ತದೆ. ನಾವು ಕಬ್ಬಿಣದ ಚಾನೆಲ್‌ನಲ್ಲಿ ಬೇರೆಯೇ ಫ್ರೇಮ್ ಮಾಡಿ, ಚಾಸಿಗೂ ಅದಕ್ಕೂ ನಡುವೆ ರಬ್ಬರ್ ಪಟ್ಟಿ ಕೊಟ್ಟು, ಯು ಬೋಲ್ಟ್ ಹಾಕಿ ಬಿಗಿದೆವು. ಮೊದಲ ಐನೂರು ಕಿಲೋಮೀಟರ್ ಆದ ಮೇಲೆ ಎಲ್ಲ ನಟ್ಟನ್ನೂ ಮತ್ತೆ ಬಿಗಿ ಮಾಡಿದೆ. 2020ರ ಏಪ್ರಿಲ್ ನಂತರ ಬಂದ, ಹೊಸ ಹೊಗೆ ನಿಯಮದ ಬಿಎಸ್6 ಗಾಡಿ ಕಟ್ಟುವವರಿಗೆ ಇನ್ನೊಂದು ಮಾತು. ವೆಲ್ಡ್ ಮಾಡುವ ಮುಂಚೆ ಬ್ಯಾಟರಿ ವೈರ್, ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್) ಕನೆಕ್ಟರ್ ಬಿಚ್ಚಿ. ಇಲ್ಲದಿದ್ದರೆ ಇಸಿಎಂ ಸುಟ್ಟು ಹೋದೀತು.

ಬ್ಯಾರಲ್‌ಗಳು ಈಗ ಕ್ಯಾಬಿನ್ ಹಿಂದೆಯೇ, ನೆಲಕ್ಕೆ ಹತ್ತಿರ, ಕಬ್ಬಿಣದ ಕಂಬಿಯ ನಡುವೆ ನಿಂತಿವೆ. ರ‍್ಯಾಚೆಟ್ ಬೆಲ್ಟ್ ಬಿಗಿದಿದ್ದೇನೆ. ಎಡಕ್ಕೆ ಆಯಿಲ್, ಬಲಕ್ಕೆ ಕಂಪ್ರೆಸರ್, ಜನರೇಟರ್. ಬ್ಯಾರಲ್ ಇಳಿಸುವ ಕೆಲಸವೇ ಇಲ್ಲ. ಗಾಳಿಯಿಂದ ನಡೆಯುವ ಪಂಪ್ ಇದೆ, ರೀಲ್‌ನಲ್ಲಿ ಪೈಪ್ ಇದೆ, ಕೊನೆಯಲ್ಲಿ ಎಣ್ಣೆ ಬಿಡುವ ಗನ್ ಇದೆ. ಆಯಿಲ್ ಫಿಲ್ಟರ್ ದಾಟಿಯೇ ಯಂತ್ರಕ್ಕೆ ಹೋಗುತ್ತದೆ. ಮೊದಲು ಬಕೆಟ್‌ನಲ್ಲಿ ಹಿಡಿದು, ಫನಲ್ ಇಟ್ಟು ಸುರಿಯುತ್ತಿದ್ದೆವು. ನಮ್ಮ ಕೆಂಪು ದೂಳು ಗೊತ್ತಲ್ಲ, ಗಾಳಿಯಲ್ಲೇ ಇರುತ್ತದೆ. ಹೈಡ್ರಾಲಿಕ್ ಪಂಪ್ ತಿನ್ನುವುದು ಕಣ್ಣಿಗೆ ಕಾಣುವ ಕಲ್ಲಲ್ಲ, ಕಾಣದ ಆ ದೂಳು.

ಎಲ್ಲಕ್ಕಿಂತ ಜಾಸ್ತಿ ಹೆದರಬೇಕಾದದ್ದು ಸಿಲಿಂಡರ್‌ಗೆ. ಎಣ್ಣೆ, ಗ್ರೀಸ್ ಇರುವ ಕಡೆ ಆಕ್ಸಿಜನ್ ಇರಬಾರದು. ವಾಲ್ವ್‌ಗೆ ಗ್ರೀಸ್ ಮೆತ್ತಿದ ಕೈ ತಾಗಿ, ಒತ್ತಡದ ಆಕ್ಸಿಜನ್ ಬಿಟ್ಟರೆ ಕಿಡಿಯೇ ಇಲ್ಲದೆ ಹತ್ತಿಕೊಳ್ಳಬಹುದು. ಸರ್ವಿಸ್ ಗಾಡಿ ಎಂದರೆ ಮೈಯೆಲ್ಲ ಗ್ರೀಸ್. ಹಾಗಾಗಿ ಸಿಲಿಂಡರ್‌ಗಳಿಗೆ ಹೊರಗಡೆ ಬೇರೆ ಪಂಜರ ಮಾಡಿಸಿದೆ. ಮೇಲೂ ಕೆಳಗೂ ಗಾಳಿ ಆಡುತ್ತದೆ, ಯಾಕೆಂದರೆ ಎಲ್‌ಪಿಜಿ ಸೋರಿದರೆ ಕೆಳಗೆ ಕೂರುತ್ತದೆ. ಸಿಲಿಂಡರ್ ನಿಂತೇ ಇರಬೇಕು, ಸರಪಳಿ ಇರಬೇಕು, ಓಡುವಾಗ ಕ್ಯಾಪ್ ಹಾಕಿರಬೇಕು. ಅಸಿಟಿಲಿನ್ ಸಿಲಿಂಡರ್ ಒಳಗೆ ಅಸಿಟೋನ್ ಎಂಬ ದ್ರವ ಇರುತ್ತದೆ. ಮಲಗಿಸಿ ತಂದು ಕೂಡಲೇ ತೆರೆದರೆ ಅದು ಗ್ಯಾಸ್ ಜೊತೆ ಹೊರಗೆ ಬರುತ್ತದೆ. ಬೈಪಾಸಿನ ಆ ಹುಡುಗನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಸಿಲಿಂಡರನ್ನು ಅಲ್ಲೇ ನಿಲ್ಲಿಸಿ, ನನ್ನ ಬೆಲ್ಟಿನಲ್ಲಿ ಕಟ್ಟಿಕೊಟ್ಟೆ. ಹುಡುಗರಿಬ್ಬರನ್ನೂ ನನ್ನ ಕ್ಯಾಬಿನ್‌ನಲ್ಲಿ ಕೂರಿಸಿಕೊಂಡು ಹೋಗಿ ಬಿಟ್ಟು ಬಂದೆ.

ಕ್ರೇನ್ ಹಾಕಿಸುವವರೂ ಗಮನಿಸಬೇಕು. ಒಂದು ಟನ್ ಕ್ರೇನ್ ಅಂದರೆ ಎಲ್ಲ ದೂರಕ್ಕೂ ಒಂದು ಟನ್ ಅಲ್ಲ. ಕಂಬದಿಂದ ಒಂದು ಮೀಟರಿಗೆ ಒಂದು ಟನ್ ಎತ್ತುವುದು ಮೂರು ಮೀಟರಿಗೆ ಮುನ್ನೂರು ಕೆಜಿಗೇ ದಣಿಯುತ್ತದೆ. ಗಾಡಿಯ ಆಸರೆ ಕಾಲುಗಳನ್ನು ನೆಲಕ್ಕೆ ಊರದೆ, ಇಳಿಜಾರಿನಲ್ಲಿ ಎತ್ತಿದರೆ ಗಾಡಿಯೇ ವಾಲುತ್ತದೆ.

ಕತ್ತಲಲ್ಲಿ ಕೆಲಸ ಮಾಡಲು ನಾಲ್ಕೂ ಕಡೆ ಲೈಟ್ ಇದೆ, ಅದಕ್ಕೆ ಬೇರೆ ಬ್ಯಾಟರಿ. ಇಪ್ಪತ್ತು ಲೀಟರ್ ನೀರು, ಔಷಧಿ ಡಬ್ಬಿ ಇದೆ. ಒಂದು ರಟ್ಟಿನ ತುಂಡೂ ಇದೆ. ಹೋಸ್ ಎಲ್ಲಿ ಸೋರುತ್ತಿದೆ ಎಂದು ನೋಡಲು ಅದನ್ನು ಹಿಡಿಯುತ್ತೇವೆ, ಕೈಯನ್ನಲ್ಲ. ಹಿಟಾಚಿಯ ಹೈಡ್ರಾಲಿಕ್ ಒತ್ತಡ 300 ಬಾರ್ ದಾಟುತ್ತದೆ. ಸೂಜಿ ಮೊನೆಯಷ್ಟು ತೂತಿನಿಂದ ಬಂದ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಮೇಲೆ ಚುಕ್ಕಿಯಷ್ಟೇ ಗಾಯ, ನೋವೂ ಮೊದಲು ಕಡಿಮೆ. ಸುಮ್ನೆ ಬಿಟ್ಟರೆ ಬೆರಳು ಹೋಗುತ್ತದೆ. ಅಂಥದ್ದಾದರೆ ಅದೇ ಗಳಿಗೆ ಆಪರೇಷನ್ ಮಾಡುವ ಆಸ್ಪತ್ರೆಗೆ ಓಡಬೇಕು.

ಹಳೆ ಎಣ್ಣೆಗೂ ಒಂದು ಖಾಲಿ ಬ್ಯಾರಲ್ ಇಟ್ಟಿದ್ದೇನೆ. ಒಂದು ಹಿಟಾಚಿಯ ಎಂಜಿನ್ ಆಯಿಲ್ ಬದಲಿಸಿದರೆ 20 ಲೀಟರಿಗೂ ಜಾಸ್ತಿ ಬರುತ್ತದೆ. ಅದನ್ನು ಹಳ್ಳಕ್ಕೆ ಸುರಿದು ಬರುವುದನ್ನು ಕಣ್ಣಾರೆ ಕಂಡಿದ್ದೇನೆ. ನಮ್ಮ ಹಳ್ಳಗಳೆಲ್ಲ ಸೇರುವುದು ತುಂಗಭದ್ರೆಯನ್ನು.

ಇಷ್ಟೆಲ್ಲ ಮಾಡಿ ದಾಖಲೆ ಸರಿ ಮಾಡಿಸಲು ಆರ್‌ಟಿಒ ಕಚೇರಿಗೆ ಹೋದಾಗ ನಾಲ್ಕು ಸಲ ಅಲೆದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯ ವಿವರ ತಯಾರಕರು ಮೊದಲು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. ನಿಯಮ ಸರಿಯೇ ಇದೆ. ಸರಿಯಾಗಿ ಕಟ್ಟಿದ್ದೇನೆ, ಪರೀಕ್ಷೆ ಮಾಡಿ, ದಾಖಲಿಸಿ ಎಂದೇ ನಾನು ಹೋಗಿದ್ದು. "ಇಂಥ ಗಾಡಿಗೆ ಕಾಲಂ ಇಲ್ಲ, ಗೂಡ್ಸ್ ಅಂತಲೇ ಇರಲಿ ಬಿಡಿ" ಅಂದರು. ಕೊನೆಗೆ ಒಬ್ಬ ಇನ್‌ಸ್ಪೆಕ್ಟರ್ ತಾಳ್ಮೆಯಿಂದ ಕಂಪ್ಯೂಟರ್ ತೆರೆದು ಹುಡುಕಿದರು. ಕೇಂದ್ರದ ಪಟ್ಟಿಯಲ್ಲೇ 'ಮೊಬೈಲ್ ವರ್ಕ್‌ಶಾಪ್' ಎಂಬ ವರ್ಗ ಇತ್ತು! ಅವರಿಗೆ ನಾನು ಋಣಿ. ಆದರೆ ಎಲ್ಲರಿಗೂ ಅಂಥವರು ಸಿಗುವುದಿಲ್ಲ. ನಾಲ್ಕು ದಿನದ ದುಡಿಮೆ ಬಿಟ್ಟು ಅಲೆಯುವ ಬದಲು ಪಿಕಪ್ಪಿಗೆ ಹಗ್ಗ ಕಟ್ಟುವುದೇ ಸುಲಭ ಎಂದು ಹುಡುಗರಿಗೆ ಅನ್ನಿಸಿದರೆ ಅವರನ್ನಷ್ಟೇ ದೂರಲಾಗದು.

ಸಾರಿಗೆ ಇಲಾಖೆ ಈ ವರ್ಗದ ಬಗ್ಗೆ ತನ್ನ ಎಲ್ಲ ಕಚೇರಿಗಳಿಗೆ ತಿಳಿಸಲಿ. ಯಾವ ಕಾಗದ ಬೇಕು, ಏನೇನು ಪರೀಕ್ಷೆ ಎಂದು ಕನ್ನಡದಲ್ಲಿ ಒಂದು ಹಾಳೆ ಗೋಡೆಗೆ ಅಂಟಿಸಲಿ. ರಸ್ತೆ, ಗಣಿ, ಕಾಲುವೆ ಕೆಲಸದ ಗೇಟುಗಳಲ್ಲಿ ಸರ್ವಿಸ್ ಗಾಡಿಯ ಕಾಟಾ ಚೀಟಿಯನ್ನೂ ಕೇಳಲಿ. ಕಾಟಾ ಅಲ್ಲೇ ಇರುತ್ತದೆ, ಐದು ನಿಮಿಷದ ಕೆಲಸ. ಐಟಿಐನಲ್ಲಿ ಡೀಸೆಲ್ ಮೆಕ್ಯಾನಿಕ್ ಕಲಿಯುವ ಮಕ್ಕಳಿಗೆ ಎಂಜಿನ್ ಬಿಚ್ಚುವುದರ ಜೊತೆಗೆ ಸಿಲಿಂಡರ್ ಕಟ್ಟುವುದು, ತೂಕ ಹಂಚುವುದು ಕೈಯಿಂದಲೇ ಮಾಡಿಸಲಿ. ಯಂತ್ರದ ಮಾಲೀಕರಿಗೂ ಒಂದು ಮನವಿ. ಒಳ್ಳೆಯ ಗಾಡಿಯಲ್ಲಿ ಬಂದವರು ನೂರು ರೂಪಾಯಿ ಜಾಸ್ತಿ ಕೇಳಿದರೆ ಚೌಕಾಸಿ ಮಾಡಬೇಡಿ. ಹತ್ತು ನಿಮಿಷಕ್ಕೊಂದು ಫೋನ್ ಮಾಡಬೇಡಿ.

ಕಾಲು ಮುರಿದುಕೊಂಡ ಹುಡುಗ ಈಗ ನನ್ನ ಪಾಲುದಾರ. ಸ್ವಲ್ಪ ಕುಂಟುತ್ತಾನೆ. ಬೆಳಿಗ್ಗೆ ಗಾಡಿ ಹೊರಡುವ ಮುಂಚೆ ಒಂದೊಂದು ಬೆಲ್ಟನ್ನೂ ಎಳೆದು ನೋಡುವುದು ಅವನೇ. ನನಗೆ ಬಿಡುವುದಿಲ್ಲ. ಭಾನುವಾರ ನಮ್ಮ ಗಾಡಿ ಹೊಸಪೇಟೆಯಲ್ಲೇ ನಿಂತಿರುತ್ತದೆ. ಹೊಸದಾಗಿ ಕಟ್ಟಿಸುವವರು, ಬಾಡಿ ಕಟ್ಟುವವರು ಯಾರೇ ಬಂದರೂ ಅಳತೆ ತಗೊಂಡು ಹೋಗಬಹುದು. ಟೇಪ್ ನಮ್ಮಲ್ಲೇ ಇದೆ.

ಒಬ್ಬ ಫೀಲ್ಡ್ ಮೆಕ್ಯಾನಿಕ್
ಹೊಸಪೇಟೆ, ವಿಜಯನಗರ ಜಿಲ್ಲೆ